ನಮ್ಮಪ್ಪ ಮಾರದೇ ಇರೋ ಸೈಟು ಮಾರಾಟ ಆಗಿದೆ, ಮುಂದೇನು ಮಾಡೋದು?

ಮೂರನೇ ಕ್ರಾಸ್
ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಬರೆಯುವ ಗತಿ ಬಂದಿದೆ. ಬೆಂಗಳೂರಿನ ಹೊರಗೆ ಒಂದು ಲೇಔಟಿನಲ್ಲಿ ಅಪ್ಪನ ಹೆಸರಿನಲ್ಲಿ 30-40 ಸೈಟು ಇದೆ. 1998ರಲ್ಲಿ ತಗೊಂಡಿದ್ದು. ಮನೆ ಕಟ್ಟಿಲ್ಲ, ಕಂದಾಯ ಕಟ್ಟಿಕೊಂಡು ಬಂದಿದ್ದೇವೆ, ವರ್ಷಕ್ಕೊಂದು ಸಲ ಹೋಗಿ ಗಿಡಗಂಟಿ ಕೀಳಿಸುತ್ತೇವೆ ಅಷ್ಟೇ. ಹೋದ ವಾರ ಎದುರುಮನೆ ಆಂಟಿ ಫೋನ್ ಮಾಡಿ "ಏನಮ್ಮಾ, ಹೇಳದೇ ಕೇಳದೇ ಮಾರಿಬಿಟ್ರಲ್ಲಾ" ಅಂದರು. ಯಾರೋ ಟೇಪ್ ಹಿಡಿದು ಅಳತೆ ಮಾಡುತ್ತಿದ್ದರಂತೆ. ಆಂಟಿ ಕೇಳಿದ್ದಕ್ಕೆ "ಮಾಲೀಕರ ಹತ್ತಿರ ತಗೊಂಡು ಒಂದು ತಿಂಗಳಾಯಿತು" ಅಂದರಂತೆ. ಆ ಮಾಲೀಕರು ನಮ್ಮ ಮನೆ ಹಾಲಿನಲ್ಲಿ ಕೂತು ಪೇಪರ್ ಓದುತ್ತಿದ್ದರು!

ಇಸಿ, ಅಂದರೆ ಸೈಟಿನ ಮೇಲೆ ಏನೇನು ಪತ್ರ ನೋಂದಣಿ ಆಗಿದೆ ಅಂತ ತೋರಿಸುವ ಋಣಭಾರ ಪತ್ರ, ತೆಗೆಸಿದೆವು. ಹೌದು, ಕ್ರಯಪತ್ರ ಆಗಿದೆ. ಅದರ ದೃಢೀಕೃತ ನಕಲು ತೆಗೆದರೆ ಅಪ್ಪನ ಹೆಸರು, ತಾತನ ಹೆಸರು, ಸೈಟ್ ನಂಬರ್ ಎಲ್ಲಾ ಸರಿ. ಫೋಟೋ ಮಾತ್ರ ಬೇರೆ ಯಾರದ್ದೋ. ಸುಮಾರು ಅರವತ್ತೈದರ ಮನುಷ್ಯ, ವಿಭೂತಿ, ಮುಖದಲ್ಲಿ ಒಳ್ಳೇ ಕಳೆ. ನನಗಿಂತ ಮೊದಲು ಅಪ್ಪನ ಕಣ್ಣಿಗೆ ಬಿದ್ದಿದ್ದು ಸಹಿ. ಅವರು ಮೂವತ್ತೈದು ವರ್ಷ ಕನ್ನಡ ಮೇಷ್ಟ್ರಾಗಿದ್ದವರು, ಹಾಜರಿ ಪುಸ್ತಕದಿಂದ ಚೆಕ್ಕಿನವರೆಗೆ ಎಲ್ಲ ಕಡೆ ಕನ್ನಡದಲ್ಲೇ ಸಹಿ. ಪತ್ರದಲ್ಲಿ ಪ್ರತಿ ಪುಟಕ್ಕೂ ಇಂಗ್ಲಿಷಿನಲ್ಲಿ ಗೀಚಿದ್ದಾನೆ. "ನನ್ನ ಹೆಸರು ಬರೆಯೋಕೂ ಬರಲ್ವಲ್ಲೋ ಇವನಿಗೆ" ಅಂತ ಅಪ್ಪ ನಕ್ಕರು. ಆಮೇಲೆ ಊಟ ಮಾಡಲಿಲ್ಲ.

ಒರಿಜಿನಲ್ ಪತ್ರ ನಮ್ಮ ಬೀರುವಿನಲ್ಲೇ ಇದೆ. ಹಾಗಿದ್ದೂ ಇದು ಹೇಗೆ ಸಾಧ್ಯ ಅನ್ನೋದೇ ನನಗೆ ತಿಳಿಯುತ್ತಿಲ್ಲ.

ಸುಮ್ನೆ ಓದುಗ
ಅಯ್ಯೋ ದೇವರೇ. ನಮ್ಮದೂ ಖಾಲಿ ಸೈಟು ಇದೆ. ಈಗಲೇ ಇಸಿ ನೋಡುತ್ತೇನೆ.

ಹಳೇ ಪತ್ರಬರಹಗಾರ
ತಾಯಿ, ಇಪ್ಪತ್ತಾರು ವರ್ಷ ಸಬ್ ರಿಜಿಸ್ಟ್ರಾರ್ ಆಫೀಸಿನ ಮುಂದೆ ಕೂತು ಪತ್ರ ಬರೆದವನು ನಾನು, ಈಗ ಬಿಟ್ಟಿದ್ದೇನೆ. ಹೇಗೆ ಸಾಧ್ಯ ಅಂತ ಕೇಳಿದಿರಲ್ಲ, ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತೆ.

ಆಫೀಸಿನಲ್ಲಿ ನೋಡುವುದು ಮೂರೇ ವಿಷಯ. ಬಂದವನು ತಾನು ಇಂಥವನು ಅನ್ನುತ್ತಾನಾ, ಅದಕ್ಕೆ ಗುರುತಿನ ಚೀಟಿ ಇದೆಯಾ, ಹೌದು ಅನ್ನೋಕೆ ಇಬ್ಬರು ಸಾಕ್ಷಿ ಇದ್ದಾರಾ. 1908ರ ನೋಂದಣಿ ಕಾಯ್ದೆ ಕೇಳುವುದು ಹೆಚ್ಚುಕಮ್ಮಿ ಇಷ್ಟೇ. ಜಾಗ ನಿಜವಾಗಿ ಅವನದೇನಾ ಅಂತ ಆ ಕಾಯ್ದೆ ತನಿಖೆ ಮಾಡಿಸುವುದಿಲ್ಲ. ನೋಂದಣಿ ಅಂದರೆ ಪತ್ರದ ನೋಂದಣಿ, ಹಕ್ಕಿನ ನೋಂದಣಿ ಅಲ್ಲ. ಜನ ಇದನ್ನು ಒಂದೇ ಅಂದುಕೊಳ್ಳುತ್ತಾರೆ, ಕಳ್ಳರು ಅಂದುಕೊಳ್ಳುವುದಿಲ್ಲ.

ಇನ್ನು ನಿಮ್ಮ ತಂದೆಯವರ ವಿವರ ಎಲ್ಲಿಂದ ಸಿಕ್ಕಿತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಅದೇ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಸ್ಥಿರಾಸ್ತಿಯ ಪತ್ರಗಳಿರುವ 1ನೇ ಪುಸ್ತಕವನ್ನು ಯಾರು ಬೇಕಾದರೂ ಫೀಸು ಕಟ್ಟಿ ನೋಡಬಹುದು, ನಕಲು ತಗೋಬಹುದು. ಕೊಳ್ಳುವವರಿಗೆ ಅನುಕೂಲವಾಗಲಿ ಅಂತ ಇಟ್ಟಿದ್ದು. ಕಳ್ಳನಿಗೂ ಅದೇ ಬಾಗಿಲು. ಲೇಔಟಿನಲ್ಲಿ ಸುತ್ತಿ, ಯಾವ ಸೈಟಿನಲ್ಲಿ ಗಿಡ ಬೆಳೆದಿದೆ ಅಂತ ನೋಡಿ, ನಂಬರ್ ಬರೆದುಕೊಂಡು, ನಕಲು ತೆಗೆಸಿ, ಅದರಲ್ಲಿರುವ ವಯಸ್ಸಿಗೆ ಹೊಂದುವ ಒಬ್ಬ ಮನುಷ್ಯನನ್ನು ಹುಡುಕಿ ಅದೇ ಹೆಸರಿನಲ್ಲಿ ಸುಳ್ಳು ಗುರುತಿನ ಚೀಟಿ ಮಾಡಿಸಿದರೆ ಅರ್ಧ ಕೆಲಸ ಮುಗಿಯಿತು.

ಸಹಿ ಯಾಕೆ ಇಂಗ್ಲಿಷಿನಲ್ಲಿ ಬಂತು ಅನ್ನೋದೂ ನನಗೆ ಗೊತ್ತಾಯಿತು ನೋಡಿ. ಹಿಂದೆ ಕೈಯಲ್ಲಿ ಬರೆದುಕೊಂಡ ನಕಲುಗಳಲ್ಲಿ ಸಹಿಯ ಚಿತ್ರ ಇರುತ್ತಿರಲಿಲ್ಲ. "ಸಹಿ" ಅಂತ ಬರೆದು ಪಕ್ಕದಲ್ಲಿ ಹೆಸರು. ನಿಮ್ಮ 1998ರ ಪತ್ರದ್ದೂ ಹಾಗೇ ಇರಬೇಕು. ಪಾಪ, ಅವನಿಗೆ ಮೇಷ್ಟ್ರು ಕನ್ನಡದಲ್ಲಿ ಸಹಿ ಮಾಡುತ್ತಾರೆ ಅಂತ ಗೊತ್ತಾಗೋಕೆ ದಾರಿಯೇ ಇರಲಿಲ್ಲ. ಇದನ್ನು ಪೊಲೀಸರಿಗೆ ತಪ್ಪದೇ ಹೇಳಿ.

ಮೂರನೇ ಕ್ರಾಸ್
ಸರ್, ನೀವು ಹೇಳಿದ ಮೇಲೆ ನಾವೂ ಒಂದು ನಕಲು ತೆಗೆಸಿ ನೋಡಿದೆವು. ಹೌದು, ಕೊನೇ ಪುಟದಲ್ಲಿ "ಸಹಿ" ಅಂತಷ್ಟೇ ಇದೆ. ಮೈ ಜುಮ್ ಅಂತು. ಇನ್ನೊಂದು ವಿಷಯ, ಹೊಸ ಕ್ರಯಪತ್ರದ ಮೂರನೇ ಪುಟದಲ್ಲಿ "ಮೂಲ ಪತ್ರ ಪ್ರಯಾಣ ಕಾಲದಲ್ಲಿ ಕಳೆದುಹೋಗಿದ್ದು" ಅಂತ ಒಂದು ಸಾಲು ಸೇರಿಸಿದ್ದಾರೆ, ಪೊಲೀಸ್ ದೂರಿನ ಸ್ವೀಕೃತಿ ನಂಬರ್ ಸಮೇತ.

ಹಳೇ ಪತ್ರಬರಹಗಾರ
ಆ ಸಾಲಿಲ್ಲದೆ ಈ ಆಟ ನಡೆಯುವುದೇ ಇಲ್ಲ. ಸೈಟು ಕೊಳ್ಳುವವರು ಯಾರಾದರೂ ಇಲ್ಲಿ ಓದುತ್ತಿದ್ದರೆ ಕೇಳಿ, ಒರಿಜಿನಲ್ ಕಳೆದಿದೆ ಅಂದ ಕೂಡಲೇ ಕೈಯಲ್ಲಿರುವ ಪೆನ್ನು ಕೆಳಗಿಡಿ. ನಿಜವಾಗಿ ಕಳೆದುಕೊಂಡವರೂ ಇರುತ್ತಾರೆ, ಇಲ್ಲ ಅನ್ನಲ್ಲ. ಅಂಥವರಿಗೆ ಹತ್ತು ವರ್ಷದ ಕಂದಾಯದ ರಸೀದಿ ತೋರಿಸೋಕಾಗುತ್ತೆ, ಅಕ್ಕಪಕ್ಕದವರು ಗುರುತು ಹಿಡಿಯುತ್ತಾರೆ.

ಸೈಟು ಹುಡುಕ್ತಿದೀನಿ
ಇದಕ್ಕೆ ನಂದೊಂದು ಅನುಭವ. ಎರಡು ವರ್ಷದ ಹಿಂದೆ ಅಡ್ವಾನ್ಸ್ ಕೊಡುವ ಹಂತಕ್ಕೆ ಹೋಗಿದ್ದೆ. ರೇಟು ಅಕ್ಕಪಕ್ಕಕ್ಕಿಂತ ಕಡಿಮೆ, ಮಗಳ ಮದುವೆ ಅರ್ಜೆಂಟು ಅನ್ನೋ ಕಥೆ, ಬ್ರೋಕರ್ ಇಬ್ಬರು. "ಮಾಲೀಕರು" ಒಂದು ಹೋಟೆಲಿನಲ್ಲೇ ಸಿಗುತ್ತಿದ್ದರು, ಮನೆಗೆ ಬರುತ್ತೇನೆ ಅಂದರೆ "ಮನೆ ರಿಪೇರಿ ನಡೀತಿದೆ". ನನ್ನ ಹೆಂಡತಿ ಒಂದು ಮಾತು ಹೇಳಿದಳು, "ಸೈಟಿನ ಹತ್ತಿರ ಕರೆಸಿ ಮಾತಾಡಿ". ಕರೆಸಿದೆ. ಮನುಷ್ಯ ಬಂದರು, ನಿಂತರು. ಪಕ್ಕದ ಮನೆ ಅಜ್ಜಿ ಗೇಟಿಗೆ ಬಂದು "ಯಾರಪ್ಪಾ ನೀವು?" ಅಂದರು. ಹದಿನೈದು ವರ್ಷದಿಂದ ಸೈಟಿನ ಮಾಲೀಕ ಅಂದವನನ್ನು ಪಕ್ಕದ ಅಜ್ಜಿ ಯಾರು ಅಂತ ಕೇಳುತ್ತಾರೆ! ಅವರಿಗೆ ಫೋನ್ ಬಂತು, ಆ ಕಡೆ ಹೋದರು, ವಾಪಸ್ ಬರಲೇ ಇಲ್ಲ.

ಲಾಯರಿಗೆ ಕೊಟ್ಟ ಫೀಸಿಗಿಂತ ಆ ಅಜ್ಜಿಯ ಒಂದು ಪ್ರಶ್ನೆ ಜಾಸ್ತಿ ಬೆಲೆ ಬಾಳಿತು. ಇಸಿ ಸರಿಯಾಗೇ ಇತ್ತು, ಖಾತಾ ನಕಲೂ ಸರಿಯಾಗೇ ಇತ್ತು. ಇರಲೇಬೇಕಲ್ವಾ? ಅವೆಲ್ಲ ನಿಜವಾದ ಮಾಲೀಕರ ಕಾಗದ. ನಿಂತಿದ್ದ ಮನುಷ್ಯ ಮಾತ್ರ ಸುಳ್ಳು.

ಕೆಂಪಿರುವೆ
ಎಲ್ಲಾ ಸರಿ. ಆದರೆ ಮೂರನೇ ಕ್ರಾಸ್ ಅವರೇ, ತಪ್ಪು ತಿಳೀಬೇಡಿ, ಇಪ್ಪತ್ತೇಳು ವರ್ಷ ಸೈಟು ಖಾಲಿ ಬಿಟ್ಟು ಬೇಲಿ ಕೂಡ ಹಾಕದೇ ಇದ್ದರೆ ಹೀಗಾಗದೇ ಇನ್ನೇನು? ಮತ್ತೆ ಈಗ ಇ-ಖಾತಾ, ಅದೇ ಕಂಪ್ಯೂಟರಿನಲ್ಲಿರೋ ಖಾತಾ, ಬಂದಿದೆಯಲ್ಲಾ, ಆಧಾರ್ ಇಲ್ಲದೆ ಏನೂ ನಡೆಯಲ್ಲ ಅಂತಾರಲ್ಲಾ?

ಮೂರನೇ ಕ್ರಾಸ್
ಬೇಲಿ ಇತ್ತು. ಕಲ್ಲುಕಂಬ ಸಮೇತ ಕಿತ್ತು ಹಾಕಿದ್ದಾರೆ. ನಮ್ಮದು ಇನ್ನೂ ಹಳೇ ಖಾತಾ, ಇ-ಖಾತಾ ಮಾಡಿಸೋಣ ನಿಧಾನಕ್ಕೆ ಅಂತ ಬಿಟ್ಟಿದ್ದೆವು. ಅವರು ನಿಧಾನ ಮಾಡಲಿಲ್ಲ. ನಮ್ಮ ಹೆಸರಿನಲ್ಲಿ ಅವರೇ ಅರ್ಜಿ ಹಾಕಿ ಮಾಡಿಸಿಕೊಂಡಿದ್ದಾರೆ.

ಕಪ್ಪುಕೋಟು
ಕೆಂಪಿರುವೆ ಅವರೇ, ಮನೆಗೆ ಕಳ್ಳ ನುಗ್ಗಿದರೆ ಬೀಗ ಚಿಕ್ಕದಿತ್ತು ಅಂತ ಮನೆಯವರನ್ನು ಬೈದ ಹಾಗಾಯಿತು. ಆದರೆ ಇ-ಖಾತಾ ಪ್ರಶ್ನೆ ಒಳ್ಳೇದು. 2024ರಿಂದ ನೋಂದಣಿಗೆ ಅದು ಕಡ್ಡಾಯ ಆಗಿದೆ, ಫೋಟೋ ಮತ್ತು ಆಧಾರ್ ಜೋಡಣೆ ಇರುವುದರಿಂದ ಹಳೇ ಕಾಲದಷ್ಟು ಸಲೀಸಲ್ಲ. ಹಾಗಂತ ಖಾತಾ ಅನ್ನೋದು ಕಂದಾಯದ ದಾಖಲೆ, ಅದೇ ಹಕ್ಕುಪತ್ರ ಅಲ್ಲ. ಮುಖ್ಯ ವಿಷಯ ಏನಂದರೆ ಯಾರು ಮೊದಲು ಮಾಡಿಸುತ್ತಾರೋ ಅವರ ಫೋಟೋ ಕೂರುತ್ತೆ. ಅದಕ್ಕೇ ಸೈಟು, ಬೀಗ ಹಾಕಿದ ಮನೆ, ಊರಲ್ಲಿರುವ ತಂದೆತಾಯಿ ಹೆಸರಿನ ಆಸ್ತಿ ಇದ್ದವರು ಮಾರುವ ಉದ್ದೇಶ ಇಲ್ಲದಿದ್ದರೂ ನಿಮ್ಮ ಇ-ಖಾತಾ ನೀವೇ ಮಾಡಿಸಿಟ್ಟುಬಿಡಿ.

ಈಗ ಮೂರನೇ ಕ್ರಾಸ್ ಅವರ ಕೇಸಿಗೆ ಬರೋಣ. ಮೊದಲು ಧೈರ್ಯ ತಗೊಳ್ಳಿ. ತನ್ನದಲ್ಲದ್ದನ್ನು ಯಾರೂ ಮಾರೋಕೆ ಆಗಲ್ಲ, ನೋಂದಣಿ ಆದ ಮಾತ್ರಕ್ಕೆ ಸುಳ್ಳು ನಿಜ ಆಗಲ್ಲ. ನಿಮ್ಮ ತಂದೆಯ ಹಕ್ಕು ಹೋಗಿಲ್ಲ. ಆದರೆ ಕೈಕಟ್ಟಿ ಕೂತರೆ ಕಷ್ಟ.

ದೃಢೀಕೃತ ನಕಲು ಹಿಡಿದುಕೊಂಡು ಪೊಲೀಸರಿಗೆ ದೂರು ಕೊಡಿ. ಭಾರತೀಯ ನ್ಯಾಯ ಸಂಹಿತೆಯ 319, ಅಂದರೆ ಬೇರೆಯವರ ವೇಷದಲ್ಲಿ ಮೋಸ, 338 ಬೆಲೆಬಾಳುವ ಪತ್ರದ ನಕಲಿ ಸೃಷ್ಟಿ, ಜೊತೆಗೆ ನೋಂದಣಿ ಕಾಯ್ದೆಯ 82. ಈ 82ರಲ್ಲಿ ಏಳು ವರ್ಷದವರೆಗೆ ಶಿಕ್ಷೆ ಇದೆ. ಸುಳ್ಳು ಹೆಸರಿನಲ್ಲಿ ಹಾಜರಾದವನ ಜೊತೆ ಅದಕ್ಕೆ ಕುಮ್ಮಕ್ಕು ಕೊಟ್ಟವನೂ ಬರುತ್ತಾನೆ. ಸಾಕ್ಷಿ ಹಾಕಿದ ಇಬ್ಬರ ವಿಳಾಸ ಪತ್ರದಲ್ಲೇ ಇರುತ್ತೆ, ತನಿಖೆ ಅಲ್ಲಿಂದಲೇ ಶುರುವಾಗಲಿ ಅಂತ ಬರೆದುಕೊಡಿ. ಅದೇ ದಿನ ಸಬ್ ರಿಜಿಸ್ಟ್ರಾರ್‌ಗೆ ಮತ್ತು ಖಾತಾ ಆಫೀಸಿಗೆ ತಕರಾರು ಅರ್ಜಿ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಖಾತಾ ಬದಲಾವಣೆ ನಿಲ್ಲಿಸುವುದು ತುಂಬಾ ಮುಖ್ಯ, ಯಾಕಂದರೆ ಖಾತಾ ಅವರ ಹೆಸರಿಗೆ ಕೂತಮೇಲೆ ಮೂರನೆಯವನಿಗೆ ಮಾರುತ್ತಾರೆ ಇಲ್ಲಾ ಬ್ಯಾಂಕಿನಲ್ಲಿ ಅಡ ಇಡುತ್ತಾರೆ.

ಆಮೇಲೆ ಸಿವಿಲ್ ದಾವೆ. ಆ ಕ್ರಯಪತ್ರ ನಮ್ಮನ್ನು ಬಂಧಿಸುವುದಿಲ್ಲ ಅಂತ ಘೋಷಣೆ ಮತ್ತು ತಾತ್ಕಾಲಿಕ ತಡೆಯಾಜ್ಞೆ ಕೇಳಬೇಕು. ವಿಷಯ ಗೊತ್ತಾದ ದಿನದಿಂದ ಮೂರು ವರ್ಷದ ಗಡುವು ಅಂತ ಲೆಕ್ಕ ಇಟ್ಟುಕೊಳ್ಳಿ, ಆದರೆ ಮೂರು ವಾರ ಕೂಡ ಕಾಯಬೇಡಿ. ನೋಂದಣಿ ಕಾಯ್ದೆಗೆ 2023ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲ ತಂದ ತಿದ್ದುಪಡಿಯಲ್ಲಿ ನಕಲಿ ದಾಖಲೆಯಿಂದ ಆದ ನೋಂದಣಿ ರದ್ದು ಮಾಡಲು ಜಿಲ್ಲಾ ನೋಂದಣಾಧಿಕಾರಿಗೆ ಅಧಿಕಾರ ಕೊಟ್ಟಿದ್ದಾರೆ. ಅಲ್ಲೂ ಒಂದು ಅರ್ಜಿ ಇರಲಿ, ಆದರೆ ಅದನ್ನೇ ನಂಬಿಕೊಂಡು ಕೋರ್ಟು ಬಿಡಬೇಡಿ.

ಸುಮ್ನೆ ಓದುಗ
ನಮ್ಮದು ಇಸಿ ನೋಡಿದೆ. ನಮೂನೆ 16 ಬಂತು, ಏನೂ ಇಲ್ಲ ಅಂತ. ಬಚಾವ್.

ಹಳೇ ಪತ್ರಬರಹಗಾರ
ಸ್ವಲ್ಪ ತಾಳಿ. ವ್ಯವಹಾರ ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16, ಸರಿ. ಆದರೆ ನೀವು ಕೊಟ್ಟ ನಂಬರಿಗೆ, ನೀವು ಕೊಟ್ಟ ಅವಧಿಗೆ ಮಾತ್ರ ಆ ಉತ್ತರ. ಸರ್ವೆ ನಂಬರಿನಲ್ಲಿ ಒಂದು ಪತ್ರ, ಸೈಟ್ ನಂಬರಿನಲ್ಲಿ ಇನ್ನೊಂದು, ಖಾತಾ ನಂಬರಿನಲ್ಲಿ ಮತ್ತೊಂದು ಆಗಿದ್ದರೆ ಒಂದರಲ್ಲಿ ಹುಡುಕಿದರೆ ಇನ್ನೊಂದು ಕಾಣಿಸದೇ ಹೋಗಬಹುದು. ಮೂರರಲ್ಲೂ ಹುಡುಕಿಸಿ. ಹೆಸರಿನ ಮೇಲೂ ಸೂಚಿ ಇರುತ್ತೆ, ಅದನ್ನೂ ನೋಡಿಸಿ. ಅಗ್ರಿಮೆಂಟು ನೋಂದಣಿ ಮಾಡಿಸದೇ ಬಾಂಡ್ ಪೇಪರಿನಲ್ಲಿ ಬರೆದುಕೊಂಡಿದ್ದರೆ ಇಸಿಯಲ್ಲಿ ಬರುವುದೇ ಇಲ್ಲ.

ಮತ್ತೆ 2024ರಿಂದ ಒಂದು ಜಿಲ್ಲೆಯೊಳಗೆ ಯಾವ ಆಫೀಸಿನಲ್ಲಿ ಬೇಕಾದರೂ ನೋಂದಣಿ ಮಾಡಿಸಬಹುದು. ಜನಕ್ಕೆ ಅನುಕೂಲ, ಒಳ್ಳೇದೇ. ಆದರೆ ಹಿಂದೆ ನಮ್ಮ ಆಫೀಸಿಗೆ ಒಬ್ಬರ ಸೈಟು ಬಂದರೆ ಬರೆಯುವ ನಾವೇ "ಇದು ಮೇಷ್ಟ್ರ ಸೈಟಲ್ವಾ, ಅವರೆಲ್ಲಿ?" ಅಂತ ಕೇಳುತ್ತಿದ್ದೆವು. ಈಗ ಮೂವತ್ತು ಕಿಲೋಮೀಟರ್ ಆಚೆ ಹೋಗಿ ಮಾಡಿಸಿದರೆ ಯಾರಿಗೆ ಯಾರ ಗುರುತು?

ಸಮುದ್ರದಾಚೆ
ನಾನು ಇಂಗ್ಲೆಂಡಿನಲ್ಲಿದ್ದೇನೆ. ಇಲ್ಲಿ ಸರ್ಕಾರದ ಲ್ಯಾಂಡ್ ರಿಜಿಸ್ಟ್ರಿಯಲ್ಲಿ ಪ್ರಾಪರ್ಟಿ ಅಲರ್ಟ್ ಅಂತ ಉಚಿತ ಸೇವೆ ಇದೆ. ಹತ್ತು ಆಸ್ತಿವರೆಗೆ ಸೇರಿಸಿಕೊಳ್ಳಬಹುದು, ಆ ಆಸ್ತಿ ಮೇಲೆ ಯಾರಾದರೂ ಅರ್ಜಿ ಹಾಕಿದರೆ ಇಮೇಲ್ ಬರುತ್ತೆ. ಇನ್ನೊಂದು, ವಕೀಲರು ಮಾರುವವರ ಗುರುತು ಖಾತ್ರಿ ಮಾಡಿ ಬರೆದುಕೊಡದೇ ವರ್ಗಾವಣೆ ಆಗಬಾರದು ಅಂತ ಮೊದಲೇ ನಿರ್ಬಂಧ ಹಾಕಿಸಿಡಬಹುದು. ಇಲ್ಲೂ ಮೋಸ ನಡೆಯುತ್ತೆ, ಬಾಡಿಗೆಗೆ ಬಂದವನೇ ಮಾಲೀಕ ಅಂತ ಹೇಳಿ ಮನೆ ಮಾರಿದ ಕೇಸುಗಳಿವೆ. ಆದರೆ ಎಚ್ಚರಿಕೆ ಗಂಟೆ ಅಂತ ಒಂದಿದೆ. ನನ್ನ ಇಲ್ಲಿನ ಫ್ಲಾಟಿಗೆ ಆ ಗಂಟೆ ಕಟ್ಟಿದ್ದೇನೆ, ಊರಿನ ಮನೆಗೆ ಏನು ಕಟ್ಟಲಿ?

ನನ್ನ ಭಯ ಜಿಪಿಎ ಬಗ್ಗೆ, ಅಂದರೆ ನಮ್ಮ ಪರವಾಗಿ ವ್ಯವಹಾರ ಮಾಡೋಕೆ ಬೇರೆಯವರಿಗೆ ಬರೆದುಕೊಡುವ ಅಧಿಕಾರ ಪತ್ರದ ಬಗ್ಗೆ. ಅಮ್ಮ ತೀರಿಕೊಂಡ ಮೇಲೆ ಮನೆ ಬೀಗ ಹಾಕಿದೆ. ನನ್ನ ಹೆಸರಿನಲ್ಲಿ ಯಾರಾದರೂ ಸುಳ್ಳು ಜಿಪಿಎ ಸೃಷ್ಟಿ ಮಾಡಿದರೆ?

ಕಪ್ಪುಕೋಟು
ಭಯ ಸರಿಯಾಗೇ ಇದೆ, ಹೊರದೇಶದಲ್ಲಿರುವವರ ಆಸ್ತಿಗೆ ಅದೇ ಹಳೇ ದಾರಿ. ಜಿಪಿಎ, ಅಗ್ರಿಮೆಂಟು, ವಿಲ್ ಸೇರಿಸಿ "ಮಾರಾಟ" ಮಾಡಿದರೆ ಹಕ್ಕು ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಕೇಸಿನಲ್ಲಿ ಹೇಳಿದೆ. ಆದರೆ ನಿಜವಾದ ಜಿಪಿಎ ಹಿಡಿದವನು ಮಾಲೀಕರ ಪರವಾಗಿ ಕ್ರಯಪತ್ರ ಮಾಡಿಕೊಡಬಹುದು, ಅದು ಕಾನೂನುಬದ್ಧ. ಹಾಗಾಗಿ ಆ ಜಿಪಿಎ ನಿಜವಾ ಅಂತ ನೋಡಬೇಕಾದವನು ಕೊಳ್ಳುವವನು. ವಿದೇಶದಲ್ಲಿ ಬರೆದದ್ದಾದರೆ ಅಲ್ಲಿನ ನೋಟರಿ ಅಥವಾ ಭಾರತದ ರಾಯಭಾರ ಕಚೇರಿಯ ಮುದ್ರೆ ಇರಬೇಕು, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿರಬೇಕು. ಇನ್ನೂ ಸುಲಭದ ಪರೀಕ್ಷೆ, ಬರೆದುಕೊಟ್ಟವರ ಜೊತೆ ವಿಡಿಯೋ ಕಾಲಿನಲ್ಲಿ ಮಾತಾಡಿ, ನಂಬರನ್ನು ಬ್ರೋಕರ್ ಕೈಯಿಂದ ತಗೋಬೇಡಿ. ಬರೆದುಕೊಟ್ಟವರು ತೀರಿಕೊಂಡಿದ್ದರೆ ಸಾಮಾನ್ಯವಾಗಿ ಜಿಪಿಎ ಅಲ್ಲಿಗೇ ಮುಗಿಯಿತು.

ನಿಮ್ಮ ಮನೆಗೆ, ಮೊದಲು ಖಾತಾ ಅಮ್ಮನ ಹೆಸರಿನಿಂದ ನಿಮ್ಮ ಹೆಸರಿಗೆ ಮಾಡಿಸಿ. ತೀರಿಕೊಂಡವರ ಹೆಸರಿನಲ್ಲೇ ಬಿಟ್ಟ ಆಸ್ತಿಗೆ ಸುಳ್ಳು ವಂಶವೃಕ್ಷ ಮಾಡಿ "ನಾನೇ ಮಗ" ಅಂತ ಬರುವವರು ಇದ್ದಾರೆ.

ಲೆಕ್ಕದ ಪುಸ್ತಕ
ಗಂಟೆ ಇಲ್ಲ ಅಂದರಲ್ಲಾ, ಯಾರೂ ನೋಡದ ಒಂದು ಗಂಟೆ ಇದೆ. ಇನ್‌ಕಮ್ ಟ್ಯಾಕ್ಸ್ ಪೋರ್ಟಲಿನಲ್ಲಿ ಎಐಎಸ್, ಅಂದರೆ ನಮ್ಮ ಪ್ಯಾನ್ ಮೇಲೆ ವರ್ಷದಲ್ಲಿ ಆದ ವ್ಯವಹಾರಗಳ ಪಟ್ಟಿ. 30 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಮೊತ್ತದ ಆಸ್ತಿ ವ್ಯವಹಾರವನ್ನು ನೋಂದಣಿ ಕಚೇರಿ ತೆರಿಗೆ ಇಲಾಖೆಗೆ ತಿಳಿಸಬೇಕು. 50 ಲಕ್ಷ ಮುಟ್ಟಿದರೆ ಕೊಂಡವರು 1% ಟಿಡಿಎಸ್ ಹಿಡಿದು ಮಾರಿದವರ ಪ್ಯಾನ್ ನಂಬರಿಗೆ ಕಟ್ಟಬೇಕು. ನಿಮ್ಮ ಪ್ಯಾನ್ ಬಳಸಿ ಮಾರಿದ್ದರೆ ನೀವು ಮಾರದ ಸೈಟು ನಿಮ್ಮ ಎಐಎಸ್‌ನಲ್ಲಿ ಬಂದು ಕೂತಿರುತ್ತೆ. ತಡವಾಗಿ ಬರುತ್ತೆ, ಸುಳ್ಳು ಪ್ಯಾನ್ ಕೊಟ್ಟಿದ್ದರೆ ಬರುವುದೂ ಇಲ್ಲ. ಆದರೂ ರಿಟರ್ನ್ ಹಾಕುವಾಗ ಹೇಗೂ ತೆಗೆಯುತ್ತೀರಿ, ಆ ಒಂದು ಸಾಲು ನೋಡಿ. ಮೂರನೇ ಕ್ರಾಸ್ ಅವರೇ, ಅಪ್ಪನದು ಈಗಲೇ ನೋಡಿ. ಬಂದಿದ್ದರೆ ಅಲ್ಲೇ "ಇದು ನನ್ನದಲ್ಲ" ಅಂತ ದಾಖಲಿಸಿ, ಇಲ್ಲದಿದ್ದರೆ ಮಾರದ ಸೈಟಿಗೆ ತೆರಿಗೆ ಕಟ್ಟಿ ಅಂತ ನೋಟಿಸ್ ಬಂದರೂ ಆಶ್ಚರ್ಯ ಇಲ್ಲ.

ಆಧಾರ್ ಬಯೋಮೆಟ್ರಿಕ್ ಲಾಕ್ ಕೂಡ ಮಾಡಿಸಿಬಿಡಿ, ಎಂಆಧಾರ್ ಆ್ಯಪಿನಲ್ಲೇ ಆಗುತ್ತೆ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತು ಕದ್ದು ಬ್ಯಾಂಕಿನಿಂದ ಹಣ ತೆಗೆದ ದೂರುಗಳು ಬಂದಿದ್ದವು, ನೆನಪಿದೆಯಾ?

ಕೆಂಪಿರುವೆ
ನೆನಪಿದೆ. ನಮ್ಮ ಭಾವನಿಗೂ ಆಗಿತ್ತು. ಮೇಲೆ ಬೇಲಿ ವಿಷಯ ಒರಟಾಗಿ ಬರೆದೆ, ಕ್ಷಮಿಸಿ ಮೇಡಂ. ಒಂದು ಬೋರ್ಡ್ ಹಾಕಿ, "ಈ ಸೈಟು ಮಾರಾಟಕ್ಕಿಲ್ಲ" ಅಂತ. ಹೆಸರು, ಸೈಟ್ ನಂಬರ್, ಫೋನ್ ನಂಬರ್ ದಪ್ಪಕ್ಷರದಲ್ಲಿ.

ಸೈಟು ಹುಡುಕ್ತಿದೀನಿ
ಬೋರ್ಡ್ ಸರಿ, ಆದರೆ ಹೆಸರು ಮತ್ತೆ ಸೈಟ್ ನಂಬರ್ ಹಾಕಿದರೆ ಕಳ್ಳನಿಗೆ ನಕಲು ತೆಗೆಸೋ ಅರ್ಜಿ ತುಂಬಿಕೊಟ್ಟ ಹಾಗೆ ಅಲ್ವಾ? ಫೋನ್ ನಂಬರ್ ಒಂದೇ ಸಾಕು. ಕೊಳ್ಳೋಕೆ ಬಂದ ನಮ್ಮಂಥವರು ಆ ನಂಬರಿಗೆ ಮಾಡುತ್ತೇವೆ, ಬ್ರೋಕರ್ ಬೇಡ ಅಂದರೂ ಮಾಡುತ್ತೇವೆ.

ಕಪ್ಪುಕೋಟು
ಒಪ್ಪಿದೆ. ಬೋರ್ಡ್ ಹಾಕಿದ ದಿನ ಫೋಟೋ ತೆಗೆದಿಡಿ, ಸ್ವಾಧೀನ ನಮ್ಮದೇ ಅಂತ ತೋರಿಸೋಕೆ ಮುಂದೆ ಬೇಕಾಗುತ್ತೆ.

ಮೂರನೇ ಕ್ರಾಸ್
ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಎಫ್‌ಐಆರ್ ಆಯಿತು. ಮೊದಲ ಸಲ ಹೋದಾಗ ಸಿವಿಲ್ ವಿಷಯ ಕೋರ್ಟಿಗೆ ಹೋಗಿ ಅಂದರು. ಎರಡನೇ ಸಲ ಅಪ್ಪ ಬೀರುವಿನ ಒರಿಜಿನಲ್ ಮತ್ತು ಅವರ ಹಳೇ ಹಾಜರಿ ಪುಸ್ತಕದ ಫೋಟೋ ಎರಡನ್ನೂ ಮೇಜಿನ ಮೇಲಿಟ್ಟು, "ಸಹಿ ಹೋಲಿಸಿ ನೋಡಿ ಸ್ವಾಮಿ" ಅಂದರು. ಬರೆದುಕೊಂಡರು. ಖಾತಾ ಬದಲಾವಣೆ ತಡೆದಿದ್ದಾರೆ, ಕೋರ್ಟಿನಲ್ಲಿ ತಡೆಯಾಜ್ಞೆ ಸಿಕ್ಕಿದೆ. ಸಾಕ್ಷಿ ಹಾಕಿದವರಲ್ಲಿ ಒಬ್ಬ ಸಿಕ್ಕಿದ್ದಾನೆ, ಐದು ಸಾವಿರಕ್ಕೆ ಸಹಿ ಹಾಕಿದೆ ಅಂತಾನಂತೆ. ವಿಭೂತಿ ಮನುಷ್ಯ ಇನ್ನೂ ಸಿಕ್ಕಿಲ್ಲ.

ಕೊಂಡವರು ನಮ್ಮ ಮನೆಗೆ ಬಂದಿದ್ದರು. ಅವರ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ ಬಾಗಿಲು ತೆಗೆಯಬಾರದು ಅಂದುಕೊಂಡಿದ್ದೆ. ಗಂಡ ಹೆಂಡತಿ, ಒಂದು ಚಿಕ್ಕ ಮಗು, ಒಡವೆ ಅಡ ಇಟ್ಟು ಸಾಲ ಮಾಡಿ ಕೊಟ್ಟ ಹಣ. ಆ ಹೆಂಗಸು ಅಪ್ಪನ ಮುಖವನ್ನೇ ನೋಡುತ್ತಾ ಕೂತಿದ್ದರು, ಆಮೇಲೆ "ಅವರೂ ಹಿಂಗೇ ಮಾತಾಡ್ತಿದ್ರು ಸರ್, ಮೇಷ್ಟ್ರು ಅಂತಾನೇ ಹೇಳಿದ್ರು, ನನ್ನ ಮಗೂಗೆ ಅ ಆ ಇ ಈ ಹೇಳಿಕೊಟ್ರು" ಅಂದರು. ಅಪ್ಪ ಏನೂ ಹೇಳಲಿಲ್ಲ. ಬ್ರೋಕರ್ ವಿವರ, ಹಣ ಹಾಕಿದ ಅಕೌಂಟ್ ನಂಬರ್ ಎಲ್ಲಾ ಅವರೇ ಕೊಟ್ಟಿದ್ದಾರೆ. ನಮ್ಮ ಜೊತೆ ಅವರೂ ಬೇರೆ ದೂರು ಕೊಟ್ಟರು.

ಲೆಕ್ಕದ ಪುಸ್ತಕ ಅವರೇ, ಎಐಎಸ್‌ನಲ್ಲಿ ಬಂದಿತ್ತು. ದಾಖಲಿಸಿದ್ದೇವೆ.

ಬೋರ್ಡೂ ಆಯಿತು. ಪೇಂಟರ್ ದಿನಾ ಬರೆಯೋ ಅಭ್ಯಾಸಕ್ಕೆ "ಈ ಸೈಟು ಮಾರಾಟಕ್ಕಿದೆ" ಅಂತ ಬರೆದು ನಿಲ್ಲಿಸಿಬಿಟ್ಟಿದ್ದ. ನಾವು ನೋಡಿ ಹೇಳುವಷ್ಟರಲ್ಲಿ ಇಬ್ಬರು ಬ್ರೋಕರ್ ಫೋನ್ ಮಾಡಿದ್ದರು. ಅಪ್ಪ ಬಿಸಿಲಲ್ಲಿ ನಿಂತು "ದೆ" ಅಳಿಸಿ "ಲ್ಲ" ಬರೆಸಿದರು. ಒತ್ತು ಸರಿಯಾಗಿ ಬರಲಿಲ್ಲ ಅಂತ ಎರಡು ಸಲ ತಿದ್ದಿಸಿದರು.